ಬಾಕಿ ದುಡ್ಡಿನ ವಕೀಲಿಕೆ

ನನ್ನಪ್ಪ ದಾವಣಗೆರೆಯ ಎಪಿಎಂಸಿ ಯಾರ್ಡಿನ ಒಂದು ದಲ್ಲಾಳಿ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಮೆಕ್ಕೆಜೋಳದ ಸುಗ್ಗಿ ಬಂತೆಂದರೆ ಅವರು ಮನೆಗೆ ಬರುವಷ್ಟರಲ್ಲಿ ನಾವೆಲ್ಲ ಮಲಗಿರುತ್ತಿದ್ದೆವು. ಆ ದಿನದ ವ್ಯವಹಾರವೆಲ್ಲ ಕಿರ್ದಿಗೆ. ಅಲ್ಲಿಂದ ಒಬ್ಬೊಬ್ಬರ ಹೆಸರಿನ ಪುಟಕ್ಕೆ, ಅಂದರೆ ಖಾತೆಗೆ. ಎಷ್ಟೇ ಹೊತ್ತಾಗಲಿ, ಕಿರ್ದಿ ಮುಗಿಸದೆ ಅವರು ಅಂಗಡಿಯಿಂದ ಎದ್ದವರಲ್ಲ.

ನಾನು ಲಾ ಓದುವಾಗ ಸಾಕ್ಷ್ಯ ಕಾಯ್ದೆಯ 34ನೇ ಸೆಕ್ಷನ್ ಬಂತು. ವ್ಯವಹಾರದ ರೂಢಿಯಂತೆ ಕ್ರಮವಾಗಿ ಇಟ್ಟುಕೊಂಡು ಬಂದ ಲೆಕ್ಕದ ಪುಸ್ತಕವನ್ನು ಕೋರ್ಟು ನೋಡುತ್ತದೆ. ಆದರೆ ಬರೀ ಅದೊಂದನ್ನೇ ನಂಬಿ ಯಾರ ತಲೆಗೂ ಸಾಲ ಕಟ್ಟುವಂತಿಲ್ಲ. 1872ರ ಕಾಯ್ದೆಯ ಮಾತು ಇದು. 2024ರ ಜುಲೈ 1ರಿಂದ ಭಾರತೀಯ ಸಾಕ್ಷ್ಯ ಅಧಿನಿಯಮ ಜಾರಿಗೆ ಬಂದರೂ ಈ ನಿಯಮ ಹಾಗೇ ಉಳಿದಿದೆ. ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ಇದನ್ನು ಓದಿ ಹೇಳಿದೆ. "ಮತ್ತೇನು? ಸಹಿ ಇಲ್ಲದ ಚೀಟಿನ ನಾನು ಯಾವತ್ತಾದ್ರೂ ಖಾತೆಗೆ ಹತ್ತಿಸಿದ್ದೀನಾ?" ಅಂದರು. ಅವರಿಗೆ ಅದು ಕಾನೂನು ಅನ್ನಿಸಲೇ ಇಲ್ಲ. ಲೆಕ್ಕ ಬರೆಯುವವನಿಗೆ ಇರಲೇಬೇಕಾದ ಬುದ್ಧಿ ಅಷ್ಟೇ.

ಈಗ ನಾನು ಬೆಂಗಳೂರಿನಲ್ಲಿ ಕಮರ್ಷಿಯಲ್ ಕೇಸುಗಳನ್ನು ನಡೆಸುತ್ತೇನೆ. ಮಾಲು ಕೊಟ್ಟು ದುಡ್ಡು ಬಾರದವರು, ದುಡ್ಡು ಕೊಟ್ಟು ಮಾಲು ಬಾರದವರು, ಪಾಲುದಾರಿಕೆ ಮುರಿದವರು, ಕಟ್ಟಡದ ಗುತ್ತಿಗೆ ಅರ್ಧಕ್ಕೆ ನಿಂತವರು, ಗೋಡೌನ್ ಬಾಡಿಗೆಯ ಜಗಳ ಇರುವವರು. ಊರಿಗೆ ಹೋದಾಗ ನೆಂಟರು "ದೊಡ್ಡ ದೊಡ್ಡ ಕಂಪನಿ ಕೇಸು ಅಲ್ವಾ?" ಅಂತಾರೆ. ದೊಡ್ಡ ಕಂಪನಿಗಳೂ ಇರುತ್ತವೆ ನಿಜ, ಬಹಳ ಸಲ ಎದುರು ಪಾರ್ಟಿಯಾಗಿ. ನನ್ನ ಆಫೀಸಿನ ಮೆಟ್ಟಿಲು ಹತ್ತಿ ಬರುವವರಲ್ಲಿ ಜಾಸ್ತಿ ಜನ ಹತ್ತಿಪ್ಪತ್ತು ಆಳುಗಳಿಗೆ ತಿಂಗಳ ಸಂಬಳ ಕೊಡಬೇಕಾದ ಸಣ್ಣ ಮಾಲೀಕರು. ಅವರಿಗೆ ಬರಬೇಕಾದ ಬಾಕಿ ಅಂದರೆ ಆ ಆಳುಗಳ ಸಂಬಳ, ಬ್ಯಾಂಕಿನ ಕಂತು, ಮಗಳ ಕಾಲೇಜಿನ ಫೀಸು. ಹಾಗಾಗಿ ಈ ಕೆಲಸವನ್ನು ಯಾರಾದರೂ "ದುಡ್ಡಿನ ಕೇಸು, ಭಾವನೆ ಇಲ್ಲದ್ದು" ಅಂದರೆ ನಾನು ಒಪ್ಪುವುದಿಲ್ಲ.

ನಾನು ಈ ದಾರಿ ಹಿಡಿಯಲು ಕಾರಣ ನನ್ನ ಚಿಕ್ಕಪ್ಪ. ಅವರದೊಂದು ಲೇತ್ ವರ್ಕ್‌ಶಾಪ್ ಇತ್ತು. ಬೇರೆ ಊರಿನ ಒಂದು ಕಾರ್ಖಾನೆಗೆ ಶಾಫ್ಟು, ಬುಶ್ಶು ತಿರುವಿ ಕೊಡುತ್ತಿದ್ದರು. ಮೊದಮೊದಲು ತಿಂಗಳಿಗೆ ಬರುತ್ತಿದ್ದ ದುಡ್ಡು ಆಮೇಲೆ ಮೂರು ತಿಂಗಳಿಗಾಯಿತು. ಆಮೇಲೆ ನಿಂತೇ ಹೋಯಿತು. ಚಿಕ್ಕಪ್ಪ ಫೋನು ಮಾಡಿದರು, ಹೋಗಿ ಕೂತು ಬಂದರು, ಕೊನೆಗೆ ದಾವೆ ಹಾಕಿದರು. ಅವರ ವಕೀಲರು ಒಳ್ಳೆಯವರೇ. ಕೇಸೂ ಸರಿಯಿತ್ತು. ಆದರೆ ಪ್ರತಿವಾದಿಯವರು ಉತ್ತರ ಹಾಕಲಿಕ್ಕೇ ವಾಯಿದೆ ಮೇಲೆ ವಾಯಿದೆ ಕೇಳುತ್ತಾ ಹೋದರು. ಒಂದು ದಿನ ಜಡ್ಜ್ ರಜೆ, ಒಂದು ದಿನ ಸಾಕ್ಷಿಗೆ ಜ್ವರ, ಒಂದು ದಿನ ಫೈಲು ಸಿಗಲಿಲ್ಲ. ಕೊನೆಗೂ ಡಿಕ್ರಿ, ಅಂದರೆ ದುಡ್ಡು ಕೊಡಿ ಅನ್ನುವ ಕೋರ್ಟಿನ ಆದೇಶ ಬಂತು, ಬಡ್ಡಿ ಸಮೇತ. ಅಷ್ಟೊತ್ತಿಗೆ ಲೇತ್ ಮಾರಿ ಆಗಿತ್ತು. ಚಿಕ್ಕಪ್ಪ ಬೇರೆಯವರ ವರ್ಕ್‌ಶಾಪಿನಲ್ಲಿ ಸಂಬಳಕ್ಕೆ ದುಡಿಯುತ್ತಿದ್ದರು.

ಕೇಸು ಗೆದ್ದ ಮನುಷ್ಯ ಎಲ್ಲವನ್ನೂ ಕಳೆದುಕೊಂಡಿದ್ದನ್ನು ಅಷ್ಟು ಹತ್ತಿರದಿಂದ ನೋಡಿದ ಮೇಲೆ ನನಗೆ ಒಂದು ವಿಷಯ ಮನಸ್ಸಿನಲ್ಲಿ ಕೂತುಬಿಟ್ಟಿತು. ವ್ಯಾಪಾರದ ದುಡ್ಡಿಗೆ ಒಂದು ಹೊತ್ತು ಇರುತ್ತದೆ. ಆ ಹೊತ್ತು ದಾಟಿ ಬಂದ ದುಡ್ಡು, ಬಡ್ಡಿ ಸೇರಿ ಎಷ್ಟೇ ಆಗಲಿ, ಮುಚ್ಚಿದ ಅಂಗಡಿಯನ್ನು ತೆರೆಸುವುದಿಲ್ಲ.

ಲಾ ಮುಗಿಸಿ ಬೆಂಗಳೂರಿಗೆ ಬಂದು ಗಾಂಧಿನಗರದ ಒಬ್ಬ ಸೀನಿಯರ್ ಹತ್ತಿರ ಸೇರಿದೆ. ಅವರ ಆಫೀಸು ಅಂದರೆ ಎರಡು ಕೋಣೆ, ನೆಲದಿಂದ ಸೂರಿನ ತನಕ ಫೈಲು. ನಮ್ಮ ಮನೆಯಲ್ಲಿ, ನಮ್ಮ ನೆಂಟರಲ್ಲಿ ಯಾರೂ ವಕೀಲರಿರಲಿಲ್ಲ. ಅಂಥವರಿಗೆ ಮೊದಲ ವರ್ಷಗಳು ಕಷ್ಟ. ದುಡ್ಡು ಬರುವುದಿಲ್ಲ, ಪಿ.ಜಿ. ಬಾಡಿಗೆ ನಿಲ್ಲುವುದಿಲ್ಲ. 2024ರ ಅಕ್ಟೋಬರಿನಲ್ಲಿ ಭಾರತೀಯ ವಕೀಲರ ಪರಿಷತ್ತು ನಗರಗಳಲ್ಲಿ ಜೂನಿಯರ್‌ಗಳಿಗೆ ತಿಂಗಳಿಗೆ ಕನಿಷ್ಠ 20,000 ರೂಪಾಯಿ, ಹಳ್ಳಿ ಕಡೆ 15,000 ರೂಪಾಯಿ ಕೊಡಿ ಅಂತ ಸುತ್ತೋಲೆ ಹೊರಡಿಸಿತು. ಅದು ಸಲಹೆಯೇ ಹೊರತು ಕಡ್ಡಾಯವಲ್ಲ. ಕಡ್ಡಾಯ ಆಗಬೇಕು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಇಲ್ಲದಿದ್ದರೆ ಕೊಪ್ಪಳದಿಂದ, ಚಾಮರಾಜನಗರದಿಂದ ಬಂದ ಮಕ್ಕಳು ಎರಡು ವರ್ಷ ನೋಡಿ, ಬೇರೆ ಕೆಲಸ ಹುಡುಕಿಕೊಂಡು ಹೋಗುತ್ತಾರೆ. ವ್ಯಾಪಾರಿಗಳ ಭಾಷೆ ಗೊತ್ತಿರುವ ವಕೀಲರು ಬೇಕು ಅಂದರೆ ಅಂಥ ಮಕ್ಕಳು ಉಳಿಯಬೇಕು.

ಸೀನಿಯರ್ ನನಗೆ ಕಲಿಸಿದ ಮೊದಲ ಪಾಠ ತಾರೀಖಿನ ಪಟ್ಟಿ. ಕಕ್ಷಿದಾರರು ಬಂದು ಕೂತರೆಂದರೆ ಮೋಸ ಹೋದ ಕತೆಯನ್ನು ಹೇಳಲು ಶುರು ಮಾಡುತ್ತಾರೆ. ಅದು ಸಹಜ, ಮನಸ್ಸಿಗೆ ಪೆಟ್ಟು ಬಿದ್ದಿರುತ್ತದೆ. ಸರ್ ಅರ್ಧ ಗಂಟೆ ಸುಮ್ನೆ ಕೇಳುತ್ತಿದ್ದರು. ಆಮೇಲೆ ನನ್ನ ಕಡೆ ತಿರುಗಿ, "ಕೂತ್ಕೊಂಡು ತಾರೀಖು ಇಳಿಸಮ್ಮ" ಅನ್ನುತ್ತಿದ್ದರು. ಪರ್ಚೇಸ್ ಆರ್ಡರ್ ಯಾವತ್ತು, ಮಾಲು ಹೋಗಿದ್ದು ಯಾವತ್ತು, ಬಿಲ್ಲು ಯಾವತ್ತು, ಕೊನೆಯ ದುಡ್ಡು ಬಂದಿದ್ದು ಯಾವತ್ತು, ಮೊದಲ ತಕರಾರು ಬಂದಿದ್ದು ಯಾವತ್ತು. ಇಷ್ಟನ್ನು ಒಂದು ಹಾಳೆಗೆ ಇಳಿಸಿದರೆ ಕೇಸಿನ ಮುಕ್ಕಾಲು ಭಾಗ ಕಾಣಿಸುತ್ತದೆ. ಆರು ತಿಂಗಳು ಮಾಲು ತಗೊಂಡು, ದುಡ್ಡು ಕೇಳಿದ ಮೂರನೇ ದಿನಕ್ಕೆ "ಕ್ವಾಲಿಟಿ ಸರಿಯಿಲ್ಲ" ಅಂತ ಮೇಲ್ ಬಂದಿದ್ದರೆ, ಆ ಎರಡು ತಾರೀಖುಗಳನ್ನು ಪಕ್ಕಪಕ್ಕ ಇಟ್ಟರೆ ಸಾಕು.

ತಾರೀಖಿಗೆ ಇನ್ನೊಂದು ದೊಡ್ಡ ಕಾರಣ ಇದೆ. 1963ರ ಕಾಲಮಿತಿ ಕಾಯ್ದೆ ಪ್ರಕಾರ ಇಂಥ ಬಾಕಿಗೆ ಸಾಮಾನ್ಯವಾಗಿ ಮೂರು ವರ್ಷದೊಳಗೆ ದಾವೆ ಹಾಕಬೇಕು. ದಾಟಿದರೆ ಮುಗೀತು, ಎಷ್ಟೇ ನಿಜವಾದ ಬಾಕಿಯಾಗಿದ್ದರೂ. ಆದರೆ ಆ ಮೂರು ವರ್ಷದೊಳಗೆ ಎದುರಿನವರು "ಹೌದು, ಇಷ್ಟು ಕೊಡಬೇಕು" ಅಂತ ಬರಹದಲ್ಲಿ ಒಪ್ಪಿ ಸಹಿ ಹಾಕಿದ್ದರೆ, 18ನೇ ಸೆಕ್ಷನ್ ಪ್ರಕಾರ ಅಲ್ಲಿಂದ ಹೊಸದಾಗಿ ಲೆಕ್ಕ ಶುರು. ಮಾರ್ಚ್ ಕೊನೆಗೆ ಆಡಿಟರ್‌ಗಳು ಬ್ಯಾಲೆನ್ಸ್ ಕನ್ಫರ್ಮೇಷನ್ ಲೆಟರ್‌ಗೆ, ಅಂದರೆ ಇಷ್ಟು ಬಾಕಿ ಇದೆ ಅಂತ ಎದುರಿನವರು ಒಪ್ಪುವ ಪತ್ರಕ್ಕೆ, ಸಹಿ ಹಾಕಿಸಿಕೊಂಡು ಬನ್ನಿ ಅಂತ ಕಾಟ ಕೊಡುತ್ತಾರಲ್ಲ, ಅನೇಕ ಕೇಸುಗಳು ಉಳಿದಿರುವುದು ಅದೊಂದು ಹಾಳೆಯಿಂದ. ನಮ್ಮ ಕರ್ನಾಟಕ ಹೈಕೋರ್ಟು 2013ರಲ್ಲಿ ಸುದರ್ಶನ್ ಕಾರ್ಗೋ ಕೇಸಿನಲ್ಲಿ ಇನ್ನೊಂದು ಬಾಗಿಲು ತೆರೆಯಿತು. ಇ-ಮೇಲ್‌ನಲ್ಲಿ ಬಾಕಿ ಒಪ್ಪಿಕೊಂಡರೂ ಅದು ಒಪ್ಪಿಗೆಯೇ, ಕಾಲಮಿತಿ ಅಲ್ಲಿಂದ ಹೊಸದಾಗಿ ಶುರುವಾಗುತ್ತದೆ ಅಂತ. 2000ನೇ ಇಸವಿಯ ಮಾಹಿತಿ ತಂತ್ರಜ್ಞಾನ (ಐಟಿ) ಕಾಯ್ದೆಯನ್ನು ಜೊತೆಗಿಟ್ಟು ಓದಿದ ತೀರ್ಪು ಅದು. ಅಲ್ಲಿಂದ ಈಚೆಗೆ ಕಕ್ಷಿದಾರರ ಮೇಲ್‌ಬಾಕ್ಸ್ ಹುಡುಕುವುದು ನಮ್ಮ ಕೆಲಸದ ಭಾಗವೇ ಆಗಿದೆ.

ಹಳೇ ಸಿವಿಲ್ ಕೋರ್ಟಿನ ನಿಧಾನಗತಿ ಎಷ್ಟಿತ್ತು ಅನ್ನುವುದಕ್ಕೆ ಒಂದು ಅಂಕಿ ಹೇಳಬೇಕು. ವಿಶ್ವಬ್ಯಾಂಕಿನ 2020ರ ಡೂಯಿಂಗ್ ಬಿಸಿನೆಸ್ ವರದಿಯಲ್ಲಿ, ಕರಾರು ಜಾರಿ ಮಾಡಿಸುವ ವಿಷಯಕ್ಕೆ ಬಂದರೆ, ಭಾರತ 190 ದೇಶಗಳಲ್ಲಿ 163ನೇ ಸ್ಥಾನದಲ್ಲಿತ್ತು. ಒಂದು ಸಾಧಾರಣ ವಾಣಿಜ್ಯ ದಾವೆ ಮುಗಿಯಲು 1,445 ದಿನ. ಹತ್ತಿರ ಹತ್ತಿರ ನಾಲ್ಕು ವರ್ಷ. ಚಿಕ್ಕಪ್ಪನ ಕೇಸು ಇದಕ್ಕಿಂತ ಜಾಸ್ತಿಯೇ ಎಳೆದಿತ್ತು.

ಇದನ್ನು ಸರಿಮಾಡಲಿಕ್ಕೆ ಅಂತಲೇ 2015ರಲ್ಲಿ ಕಮರ್ಷಿಯಲ್ ಕೋರ್ಟ್ಸ್ ಕಾಯ್ದೆ ಬಂತು. ಆಗ ಕನಿಷ್ಠ ಒಂದು ಕೋಟಿ ರೂಪಾಯಿಯ ವ್ಯಾಜ್ಯ ಇದ್ದರೆ ಮಾತ್ರ ಈ ಕೋರ್ಟು. ಅಂದರೆ ಸಣ್ಣವರಿಗೆ ಬಾಗಿಲು ಮುಚ್ಚಿತ್ತು. 2018ರ ಮೇ ತಿಂಗಳಲ್ಲಿ ಜಾರಿಗೆ ಬಂದ ತಿದ್ದುಪಡಿ ಅದನ್ನು ಮೂರು ಲಕ್ಷಕ್ಕೆ ಇಳಿಸಿತು. ನನ್ನ ವೃತ್ತಿಯಲ್ಲಿ ನಾನು ಕಂಡ ಅತಿ ಒಳ್ಳೆಯ ಬದಲಾವಣೆ ಯಾವುದು ಅಂತ ಕೇಳಿದರೆ ಇದನ್ನೇ ಹೇಳುತ್ತೇನೆ. ಚಿಕ್ಕಪ್ಪನಂಥವರ ಕೇಸು ಈಗ ಈ ಕೋರ್ಟಿಗೆ ಬರುತ್ತದೆ.

ಏನು ಬದಲಾಯಿತು? ಮುಖ್ಯವಾಗಿ ಪ್ರತಿವಾದಿಯ ಉತ್ತರಕ್ಕೆ ಕೊನೆಯ ದಿನ ಅಂತ ಒಂದು ಬಂತು. ಸಮನ್ಸ್ ಕೈಸೇರಿದ 30 ದಿನದೊಳಗೆ ಹಾಕಬೇಕು. ಕಾರಣ ತೋರಿಸಿ, ವೆಚ್ಚ ಕಟ್ಟಿ, 120 ದಿನದ ತನಕ ಎಳೆಯಬಹುದು. 121ನೇ ದಿನ ಆ ಹಕ್ಕೇ ಹೋಗುತ್ತದೆ. ಸುಪ್ರೀಂ ಕೋರ್ಟು 2019ರಲ್ಲಿ ಎಸ್‌ಸಿಜಿ ಕಾಂಟ್ರಾಕ್ಟ್ಸ್ ಕೇಸಿನಲ್ಲಿ ಇದನ್ನು ಖಡಾಖಂಡಿತವಾಗಿ ಹೇಳಿತು. ಮೊದಲೆಲ್ಲ "ಟೈಮ್ ಬೇಕು ಸ್ವಾಮಿ" ಅಂತ ಎದ್ದು ನಿಂತರೆ ಸಾಕಿತ್ತು. ಈಗ ಎದುರಿನ ವಕೀಲರೂ ದಿನ ಎಣಿಸುತ್ತಾರೆ. ಇನ್ನೊಂದು, ಇರುವ ಕಾಗದಗಳನ್ನೆಲ್ಲ ದಾವೆಯ ಜೊತೆಗೇ ಹಾಕಬೇಕು. ಆಮೇಲೆ ಒಂದೊಂದಾಗಿ ಹೊರಗೆ ತೆಗೆಯುವ ಆಟ ನಡೆಯುವುದಿಲ್ಲ. ಹೇಳಿದ್ದೆಲ್ಲ ನಿಜ ಅನ್ನುವ ಸತ್ಯದ ಹೇಳಿಕೆಗೆ ಕಕ್ಷಿದಾರರೇ ಸಹಿ ಹಾಕಬೇಕು. ಕೇಸಿನ ವೇಳಾಪಟ್ಟಿ ಹಾಕುವ ಕೇಸ್ ಮ್ಯಾನೇಜ್‌ಮೆಂಟ್ ವಿಚಾರಣೆ ಶುರುವಾದ ಆರು ತಿಂಗಳೊಳಗೆ ವಾದ ಮುಗಿಸಬೇಕು, ವಾದ ಮುಗಿದ 90 ದಿನದೊಳಗೆ ತೀರ್ಪು ಬರಬೇಕು ಅಂತಲೂ ಇದೆ. ಈ ಕೊನೆಯ ಎರಡು ಎಲ್ಲ ಕಡೆ ಪಾಲನೆಯಾಗುತ್ತಿಲ್ಲ. ಕೋರ್ಟ್ ಹಾಲ್ ಕಮ್ಮಿ, ಫೈಲು ಜಾಸ್ತಿ. ಆದರೂ ಮೊದಲಿಗಿಂತ ಎಷ್ಟೋ ವಾಸಿ.

ದಾವೆಗೆ ಮೊದಲು ಮಧ್ಯಸ್ಥಿಕೆಗೆ ಹೋಗಿ ಬರಬೇಕು ಅನ್ನುವ 12ಎ ಸೆಕ್ಷನ್ ಕೂಡ 2018ರಲ್ಲೇ ಬಂದದ್ದು. ತುರ್ತು ಆದೇಶ ಬೇಕಿಲ್ಲದ ಕೇಸುಗಳಿಗೆ ಇದು ಕಡ್ಡಾಯ, ಹೋಗದೆ ಹಾಕಿದ ದಾವೆಯನ್ನು ತಿರಸ್ಕರಿಸಬೇಕು ಅಂತ 2022ರ ಆಗಸ್ಟ್‌ನಲ್ಲಿ ಪಾಟೀಲ್ ಆಟೊಮೇಷನ್ ಕೇಸಿನಲ್ಲಿ ತೀರ್ಪಾಯಿತು. ಈ ಬಗ್ಗೆ ವಕೀಲರಲ್ಲಿ ಗೊಣಗಾಟ ಇದೆ. ಎದುರು ಪಾರ್ಟಿ ಬರುವುದೇ ಇಲ್ಲ, 'ನಾನ್ ಸ್ಟಾರ್ಟರ್' ಅಂತ ವರದಿ ತಗೊಂಡು ಬರುವುದಕ್ಕೆ ಮೂರು ತಿಂಗಳು ದಂಡ ಅಂತ. ಬಹಳ ಸಲ ಅದು ನಿಜ. ಆದರೆ ಬಂದು ಕೂತರೆ ಆಗುವ ಕೆಲಸವೇ ಬೇರೆ. ಒಮ್ಮೆ ಇಬ್ಬರು ಹಳೇ ಗೆಳೆಯರು, ಒಬ್ಬರು ಪ್ಯಾಕಿಂಗ್ ಬಾಕ್ಸ್ ಮಾಡುವವರು, ಇನ್ನೊಬ್ಬರು ಅದನ್ನು ಕೊಳ್ಳುವವರು, ಮಧ್ಯಸ್ಥಗಾರರ ಎದುರು ಕೂತರು. ಮೊದಲ ಮುಕ್ಕಾಲು ಗಂಟೆ ದುಡ್ಡಿನ ಮಾತೇ ಬರಲಿಲ್ಲ. ಮಗಳ ಮದುವೆಗೆ ಕರೆಯಲಿಲ್ಲ ಅನ್ನುವ ಮಾತು ಬಂತು. ಅದು ಇತ್ಯರ್ಥವಾದ ಮೇಲೆ ಬಾಕಿಯನ್ನು ನಾಲ್ಕು ಕಂತಿನಲ್ಲಿ ತೀರಿಸುವ ಒಪ್ಪಂದಕ್ಕೆ ಹತ್ತು ನಿಮಿಷ ಸಾಕಾಯಿತು. ಕೋರ್ಟಿನ ಕಟಕಟೆಯಲ್ಲಿ ಆ ಮದುವೆಯ ಮಾತಿಗೆ ಜಾಗವೇ ಇರುತ್ತಿರಲಿಲ್ಲ.

ಈಗ ಒಂದು ಕೇಸಿನ ಒಳಗೆ ಕರೆದುಕೊಂಡು ಹೋಗುತ್ತೇನೆ. ಯಾರದ್ದು ಅಂತ ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ.

ಪೀಣ್ಯದಲ್ಲಿ ಶೀಟ್ ಮೆಟಲ್ ಕೆಲಸ ಮಾಡುವವರೊಬ್ಬರು. ಒಂದು ಶೆಡ್ಡು, ಎರಡು ಪ್ರೆಸ್ಸು, ಪೌಡರ್ ಕೋಟಿಂಗ್ ಹೊರಗಡೆ ಮಾಡಿಸುತ್ತಾರೆ. ತಮಗಿಂತ ಬಹಳ ದೊಡ್ಡ ಕಂಪನಿಯೊಂದಕ್ಕೆ ಎಲೆಕ್ಟ್ರಿಕ್ ಪ್ಯಾನೆಲ್ ಬಾಕ್ಸ್ ಮಾಡಿ ಕೊಟ್ಟಿದ್ದರು. ಬಾಕಿ ನಿಂತಿತು. ನೋಟಿಸ್ ಕೊಟ್ಟೆವು. ಉತ್ತರದಲ್ಲಿ ಎರಡು ಮಾತು: ಮಾಲು ಪೂರ್ತಿ ಬಂದೇ ಇಲ್ಲ, ಬಂದಿದ್ದೂ ಕಳಪೆ. ಒಂದಕ್ಕೊಂದು ಕೂಡದ ಮಾತು. ಆದರೆ ಇಂಥ ಉತ್ತರ ನಮಗೆ ಹೊಸದಲ್ಲ.

ಅವರು ತಂದ ಕಾಗದ ಒಂದು ಅಕ್ಕಿ ಚೀಲದಲ್ಲಿತ್ತು. ಟೇಬಲ್ ಮೇಲೆ ಸುರಿದು ಒಂದೊಂದೇ ಬಿಡಿಸಿದೆವು. ಡೆಲಿವರಿ ಚಲನ್, ಪೀಣ್ಯದವರ ಬಾಯಲ್ಲಿ ಡಿಸಿ. ಕಾರ್ಬನ್ ಇಟ್ಟು ಬರೆದ ಹಳದಿ ಹಾಳೆ. ಮೇಲೆ ಟೆಂಪೊ ನಂಬರು, ಡ್ರೈವರ್ ಹೆಸರು, ಎಷ್ಟು ಬಾಕ್ಸು. ಕೆಳಗೆ ಎಡಗಡೆ, ಸ್ವಲ್ಪ ಓರೆಯಾಗಿ, ನೇರಳೆ ಇಂಕಿನಲ್ಲಿ ಕಂಪನಿ ಗೇಟಿನ ಇನ್‌ವರ್ಡ್ ಸೀಲು. ಸೀಲಿನ ಒಳಗೆ ಸೆಕ್ಯೂರಿಟಿಯವನು ಬಾಲ್‌ಪೆನ್ನಿನಲ್ಲಿ ಬರೆದ ನಂಬರು, ತಾರೀಖು, ಗಂಟೆ, ಅದರ ಮೇಲೊಂದು ಗೀಚು ಸಹಿ. ಮೂರು ಚಲನ್‌ಗಳಿಗೆ ಮಳೆ ನೀರು ತಾಗಿ ಇಂಕು ಹರಡಿತ್ತು, ಆದರೂ ನಂಬರು ಓದಬಹುದಿತ್ತು. ಆ ಕಾವಲುಗಾರನಿಗೆ ತಾನು ಸಾಕ್ಷ್ಯ ತಯಾರು ಮಾಡುತ್ತಿದ್ದೇನೆ ಅನ್ನುವ ಯೋಚನೆ ಖಂಡಿತ ಇರಲಿಲ್ಲ. ತನ್ನ ಕೆಲಸವನ್ನು ಸರಿಯಾಗಿ ಮಾಡಿದ್ದ, ಅಷ್ಟೇ. ಮಾಲು ಬಂದೇ ಇಲ್ಲ ಅನ್ನುವ ವಾದ ಆ ನೇರಳೆ ಸೀಲಿನ ಎದುರು ನಿಲ್ಲಲಿಲ್ಲ.

ಉಳಿದದ್ದು ಕಳಪೆ ಅನ್ನುವ ಮಾತು. ಕಂಪನಿಯ ಪರ್ಚೇಸ್ ಮ್ಯಾನೇಜರ್ ಸಾಕ್ಷಿ ಹೇಳಲು ಬಂದರು. ಸಭ್ಯ ಮನುಷ್ಯ. ಮೇಲಿನವರು ಹೇಳಿದ್ದಕ್ಕೆ ಬಂದಿದ್ದರು ಅಂತ ಮುಖ ನೋಡಿದರೇ ಗೊತ್ತಾಗುತ್ತಿತ್ತು. ಪಾಟಿ ಸವಾಲಿನಲ್ಲಿ ನಾನು ಕ್ವಾಲಿಟಿಯ ಮಾತೇ ಎತ್ತಲಿಲ್ಲ. ಈ ಬಿಲ್ಲುಗಳ ಮೇಲಿನ ಜಿಎಸ್‌ಟಿಗೆ ನಿಮ್ಮ ಕಂಪನಿ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್ ತಗೊಂಡಿದೆಯಾ ಅಂತ ಕೇಳಿದೆ (ಕೊಳ್ಳುವಾಗಿನ ಜಿಎಸ್‌ಟಿಯನ್ನು ತಾವು ಕಟ್ಟಬೇಕಾದ ತೆರಿಗೆಯಲ್ಲಿ ಕಳೆದುಕೊಳ್ಳುವುದಕ್ಕೆ ಹಾಗನ್ನುತ್ತಾರೆ). ಹೌದು ಅಂದರು. ಮಾಲು ಕೈಸೇರದೆ ಆ ಕ್ರೆಡಿಟ್ ತಗೊಳ್ಳಲು ಬರುತ್ತದಾ? ಇಲ್ಲ. 180 ದಿನದೊಳಗೆ ದುಡ್ಡು ಕೊಡದಿದ್ದರೆ ಆ ಕ್ರೆಡಿಟ್ ವಾಪಸ್ ಕಟ್ಟಬೇಕು ಅಲ್ಲವಾ, ಕಟ್ಟಿದ್ದೀರಾ? ಅಕೌಂಟ್ಸ್‌ನವರಿಗೆ ಗೊತ್ತು ಅಂದರು. ಕಳಪೆ ಅಂದಿರಲ್ಲ, ಮಾಲು ವಾಪಸ್ ಕಳಿಸಿದ ಚಲನ್ ಇದೆಯಾ? ಇಲ್ಲ. ಬಿಲ್ಲಿನಲ್ಲಿ ಇಷ್ಟು ಕಳೆಯುತ್ತೇವೆ ಅನ್ನುವ ಡೆಬಿಟ್ ನೋಟ್ ಕೊಟ್ಟಿದ್ದೀರಾ? ಇಲ್ಲ. ಆ ಬಾಕ್ಸುಗಳು ಈಗ ಎಲ್ಲಿವೆ? ಸ್ವಲ್ಪ ಹೊತ್ತು ಸುಮ್ಮನಿದ್ದು, ಗ್ರಾಹಕರಿಗೆ ಸಪ್ಲೈ ಆಗಿವೆ ಅಂದರು.

1930ರ ಸರಕು ಮಾರಾಟ ಕಾಯ್ದೆಯ 42ನೇ ಸೆಕ್ಷನ್ ಇಂಥದ್ದಕ್ಕೇ ಇರುವುದು. ಬೇಡ ಅಂತ ತಿಳಿಸದೆ ಮಾಲನ್ನು ಇಟ್ಟುಕೊಂಡರೆ, ತನ್ನದೇ ಅನ್ನುವಂತೆ ಬಳಸಿಕೊಂಡರೆ, ಒಪ್ಪಿಕೊಂಡ ಹಾಗೆಯೇ. ಕಾನೂನು ಹಳೆಯದು, ಜಿಎಸ್‌ಟಿ ಹೊಸದು. ಎರಡನ್ನೂ ಜೋಡಿಸುವುದು ನಮ್ಮ ಕೆಲಸ. ನಾನು ಈಗ ಬರುವ ಜೂನಿಯರ್‌ಗಳಿಗೆ ಲೆಕ್ಕದ ಸಾಫ್ಟ್‌ವೇರ್ ಟ್ಯಾಲಿ ಕಲಿಯಿರಿ, ಜಿಎಸ್‌ಟಿ ರಿಟರ್ನ್ ಓದುವುದನ್ನು ಕಲಿಯಿರಿ ಅಂತ ಒತ್ತಾಯ ಮಾಡುವುದು ಇದಕ್ಕೇ. ವಾಕ್ಚಾತುರ್ಯ ಆಮೇಲೆ ತಾನಾಗಿ ಬರುತ್ತದೆ. ಲೆಡ್ಜರ್ ಓದಲು ಬಾರದ ವಕೀಲ ಕಮರ್ಷಿಯಲ್ ಕೋರ್ಟಿನಲ್ಲಿ ಕಣ್ಣು ಕಟ್ಟಿಕೊಂಡು ನಡೆದ ಹಾಗೆ.

ಇಷ್ಟೆಲ್ಲ ಕೇಳಿ, ಸಣ್ಣ ಉದ್ಯಮದವರಿಗೆ ಬೇರೆ ದಾರಿ ಇಲ್ಲವೇ ಅಂತ ನೀವು ಕೇಳಬಹುದು. ಇದೆ, ಬಹಳ ಒಳ್ಳೆಯ ದಾರಿ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸೂಕ್ಷ್ಮ ಮತ್ತು ಸಣ್ಣ ಉದ್ಯಮದವರ ಬಾಕಿಯನ್ನು ಹೆಚ್ಚೆಂದರೆ 45 ದಿನದಲ್ಲಿ ಕೊಡಬೇಕು. ಬರಹದ ಕರಾರಿನಲ್ಲಿ ಇದಕ್ಕಿಂತ ಉದ್ದದ ಗಡುವು ಹಾಕಿದರೂ ನಡೆಯುವುದಿಲ್ಲ. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳು ತಿಂಗಳು ಚಕ್ರಬಡ್ಡಿ. ಇಂಥ ಬಾಕಿಯ ಜಗಳ ತೀರಿಸಲೆಂದೇ ಇರುವ ಫೆಸಿಲಿಟೇಷನ್ ಕೌನ್ಸಿಲ್‌ಗೆ ಹೋಗಬಹುದು. ಅಲ್ಲಿ ಆದ ತೀರ್ಪನ್ನು ಕೊಳ್ಳುವವರು ಪ್ರಶ್ನಿಸಬೇಕಾದರೆ ಮೊದಲು ಮೊತ್ತದ 75 ಪರ್ಸೆಂಟ್ ಠೇವಣಿ ಇಡಬೇಕು. 2023ರ ಹಣಕಾಸು ಕಾಯ್ದೆ ಇನ್ನೊಂದು ಬಿಗಿ ಹಾಕಿತು. ಈ ಗಡುವಿನೊಳಗೆ ಕೊಡದ ಬಾಕಿಯನ್ನು ಕೊಡುವ ತನಕ ಆದಾಯ ತೆರಿಗೆಯಲ್ಲಿ ಖರ್ಚು ಅಂತ ತೋರಿಸುವ ಹಾಗಿಲ್ಲ.

ಇಷ್ಟೆಲ್ಲ ಇದ್ದರೂ ಜನ ಹೋಗುವುದಿಲ್ಲ. ಯಾಕೆ ಅಂದರೆ ಎಲ್ಲರದೂ ಒಂದೇ ಮಾತು. "ಕೇಸ್ ಹಾಕಿದ್ರೆ ಆರ್ಡರ್ ನಿಲ್ಲುತ್ತೆ ಮೇಡಂ." ಒಬ್ಬನೇ ದೊಡ್ಡ ಗಿರಾಕಿಯನ್ನು ನಂಬಿದವರಿಗೆ ಇದು ಬರೀ ಭಯವಲ್ಲ, ನಿಜವಾದ ಲೆಕ್ಕ. ಅವರನ್ನು ಹೇಡಿಗಳು ಅಂತ ನಾನು ಯಾವತ್ತೂ ಅಂದುಕೊಂಡಿಲ್ಲ. ನಾನು ಕೇಳಿಕೊಳ್ಳುವುದು ಇಷ್ಟೇ: ಮಾಲು ಕಳಿಸಲು ಶುರು ಮಾಡುವ ಮೊದಲೇ ಸಣ್ಣ ಉದ್ಯಮಗಳಿಗೆ ಸರ್ಕಾರ ಕೊಡುವ ಉದ್ಯಮ್ ನೋಂದಣಿ ಮಾಡಿಸಿ, ಆ ನಂಬರನ್ನು ಬಿಲ್ಲಿನ ಮೇಲೆ ಮುದ್ರಿಸಿ. ಕೇಸು ಹಾಕದಿದ್ದರೂ ಆ ಒಂದು ಸಾಲು ಎದುರಿನ ಅಕೌಂಟ್ಸ್ ಡಿಪಾರ್ಟ್‌ಮೆಂಟಿನ ಕಣ್ಣಿಗೆ ಬೀಳುತ್ತದೆ.

ನಾನು ಪ್ರತಿವಾದಿಗಳ ಪರವಾಗಿಯೂ ನಿಲ್ಲುತ್ತೇನೆ. ಅದನ್ನು ಹೇಳದಿದ್ದರೆ ಚಿತ್ರ ಪೂರ್ತಿಯಾಗುವುದಿಲ್ಲ. ನಿಜವಾಗಿ ಕಳಪೆ ಮಾಲು ಪಡೆದು ನಷ್ಟವಾದವರು, ಮಾಡದ ಕೆಲಸಕ್ಕೆ ಬಿಲ್ಲು ಬಂದವರು, ಇವರಿಗೂ ವಕೀಲರು ಬೇಕು. ಆದರೆ "ಕೊಡಬೇಕು ನಿಜ, ಸುಮ್ನೆ ಎರಡು ವರ್ಷ ಎಳೀರಿ" ಅಂತ ಬರುವವರೂ ಇದ್ದಾರೆ. ಅವರನ್ನು ಕೂರಿಸಿಕೊಂಡು ಲೆಕ್ಕ ಹಾಕಿ ತೋರಿಸುತ್ತೇನೆ. ಬಡ್ಡಿ ಇಷ್ಟು, ಕೋರ್ಟು ವಿಧಿಸಬಹುದಾದ ವೆಚ್ಚ ಇಷ್ಟು, ನನ್ನ ಫೀಸು ಇಷ್ಟು, ಈಗಲೇ ಕೊಟ್ಟರೆ ಇಷ್ಟು. ಕೆಲವರು ಕೊಟ್ಟು ಮುಗಿಸುತ್ತಾರೆ. ಕೆಲವರು ಬೇರೆ ವಕೀಲರನ್ನು ಹುಡುಕಿಕೊಂಡು ಹೋಗುತ್ತಾರೆ. ಹೋಗಲಿ.

ಫೀಸಿನ ಮಾತು ಬಂದಿದ್ದಕ್ಕೆ ಇನ್ನೊಂದು. "ಗೆದ್ದರೆ ಅದರಲ್ಲಿ ಪರ್ಸೆಂಟೇಜ್ ತಗೊಳ್ಳಿ ಮೇಡಂ" ಅಂತ ಬಹಳ ಜನ ಕೇಳುತ್ತಾರೆ. ಅಮೆರಿಕದಲ್ಲಿ ಅದಕ್ಕೆ ಅವಕಾಶ ಇದೆ. ಇಲ್ಲಿ ವಕೀಲರ ಪರಿಷತ್ತಿನ ನಿಯಮಗಳು ಒಪ್ಪುವುದಿಲ್ಲ. ಕೇಸಿನ ಫಲಿತಾಂಶದಲ್ಲಿ ನಮಗೆ ಪಾಲು ಇರಬಾರದು ಅನ್ನುವುದು ಅದರ ಉದ್ದೇಶ, ಅದು ಸರಿ ಅಂತಲೇ ನನ್ನ ಭಾವನೆ. ಆದರೆ ಅದರಿಂದ ಕೈಯಲ್ಲಿ ಕಾಸಿಲ್ಲದ ಸಣ್ಣ ವ್ಯಾಪಾರಿಗೆ ತೊಂದರೆಯಾಗುವುದೂ ನಿಜ. ದಾವೆ ಹಾಕುವ ದಿನವೇ ಮೊತ್ತಕ್ಕೆ ತಕ್ಕ ಕೋರ್ಟ್ ಫೀ ಬೇರೆ ಕಟ್ಟಬೇಕು. ಬಾಕಿ ಬಾರದೆ ಒದ್ದಾಡುತ್ತಿರುವವನೇ ಮೊದಲು ದುಡ್ಡು ಹೊಂದಿಸಬೇಕಾದ ಈ ವ್ಯವಸ್ಥೆ ಬದಲಾಗಬೇಕು. ಡಿಕ್ರಿಯಾದ ಮೇಲೆ ಕೋರ್ಟ್ ಫೀ ವಸೂಲಿ ಮಾಡಿಕೊಳ್ಳುವ ಅವಕಾಶವನ್ನು ಸಣ್ಣ ಉದ್ಯಮಗಳಿಗಾದರೂ ಕೊಡಬಹುದು.

ಇನ್ನು ಡಿಕ್ರಿ. ಜನ ಡಿಕ್ರಿಯ ದಿನ ಸಿಹಿ ತರುತ್ತಾರೆ. ನಾನು ತಿನ್ನುತ್ತೇನೆ, ಆದರೆ ಮನಸ್ಸು ಆಗಲೇ ಅಮಲ್ಜಾರಿ, ಅಂದರೆ ಡಿಕ್ರಿಯನ್ನು ಜಾರಿ ಮಾಡಿಸಿ ದುಡ್ಡು ವಸೂಲಿ ಮಾಡುವ ಕಡೆ ಹೋಗಿರುತ್ತದೆ. ಭಾರತದಲ್ಲಿ ಕಕ್ಷಿದಾರನ ಕಷ್ಟ ಶುರುವಾಗುವುದೇ ಡಿಕ್ರಿ ಸಿಕ್ಕ ಮೇಲೆ ಅನ್ನುವ ಅರ್ಥದ ಮಾತನ್ನು ಬ್ರಿಟಿಷರ ಕಾಲದ ಕೊನೆಯ ಮೇಲ್ಮನವಿ ಕೋರ್ಟಾಗಿದ್ದ ಪ್ರಿವಿ ಕೌನ್ಸಿಲ್ 1872ರಲ್ಲೇ ಹೇಳಿತ್ತು. ಬೆಂಗಳೂರಿನ ಒಂದು ಜಮೀನಿನ ಜಗಳದಿಂದ ಹುಟ್ಟಿದ ರಾಹುಲ್ ಶಾ ಕೇಸಿನಲ್ಲಿ ಸುಪ್ರೀಂ ಕೋರ್ಟು 2021ರಲ್ಲಿ, ಅಮಲ್ಜಾರಿ ಅರ್ಜಿಯನ್ನು ಆರು ತಿಂಗಳಲ್ಲಿ ಮುಗಿಸಬೇಕು ಅಂದಿತು. 2025ರಲ್ಲಿ ಅದೇ ಕೋರ್ಟು ದೇಶದ ಲೆಕ್ಕ ತರಿಸಿ ನೋಡಿದಾಗ ಬಾಕಿ ಇದ್ದ ಅಮಲ್ಜಾರಿ ಅರ್ಜಿಗಳು 8.8 ಲಕ್ಷಕ್ಕೂ ಜಾಸ್ತಿ. ಅಂದರೆ ಗೆದ್ದೂ ಕೈಗೆ ಸಿಗದವರು ಅಷ್ಟು ಜನ. 2015ರ ಕಾಯ್ದೆ ದಾವೆಯ ಹಂತಕ್ಕೆ ಹಾಕಿದ ಬಿಗಿಯನ್ನು ಅಮಲ್ಜಾರಿಯ ಹಂತಕ್ಕೆ ಹಾಕಲಿಲ್ಲ. ನನ್ನ ಪ್ರಕಾರ ಆ ಕಾಯ್ದೆಯ ದೊಡ್ಡ ಕೊರತೆ ಅದೇ.

ತೀರ್ಪಿಗೆ ಮೊದಲೇ ಎದುರಿನವರ ಆಸ್ತಿ ಜಫ್ತಿ ಮಾಡಿಸಬಹುದಲ್ಲ ಅಂತ ಕೇಳುವವರಿದ್ದಾರೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 38ನೇ ಆದೇಶದ 5ನೇ ನಿಯಮದಲ್ಲಿ ಅವಕಾಶ ಇದೆ. ಆದರೆ ಡಿಕ್ರಿಯನ್ನು ತಪ್ಪಿಸಲೆಂದೇ ಆಸ್ತಿ ಸಾಗಿಸುತ್ತಿದ್ದಾರೆ ಅಂತ ತೋರಿಸಬೇಕು. ಸುಮ್ನೆ ಭಯ ಇದೆ ಅಂದರೆ ಆಗುವುದಿಲ್ಲ. 2008ರಲ್ಲಿ ರಾಮನ್ ಟೆಕ್ ಕೇಸಿನಲ್ಲಿ ಸುಪ್ರೀಂ ಕೋರ್ಟು ಇದನ್ನು ತುಂಬ ಎಚ್ಚರದಿಂದ ಬಳಸಬೇಕು ಅಂದಿದೆ. ಹಾಗಾಗಿ ಬಹಳಷ್ಟು ಕೇಸುಗಳಲ್ಲಿ ಉಳಿಯುವ ದಾರಿ ಡಿಕ್ರಿಯಾದ ಮೇಲಿನದು. 21ನೇ ಆದೇಶದ 41ನೇ ನಿಯಮದಡಿ ಸಾಲಗಾರನಿಂದ ಆಸ್ತಿಯ ಅಫಿಡವಿಟ್ ಕೇಳಬಹುದು, ಕೊಡದಿದ್ದರೆ ಮೂರು ತಿಂಗಳ ತನಕ ಸಿವಿಲ್ ಜೈಲಿಗೆ ಕಳಿಸಬಹುದು. ಅವನಿಗೆ ದುಡ್ಡು ಕೊಡಬೇಕಾದ ಮೂರನೆಯವರಿಗೆ, "ಅವನಿಗೆ ಕೊಡಬೇಡಿ, ಕೋರ್ಟಿಗೆ ಕಟ್ಟಿ" ಅಂತ ಆದೇಶ ತರಬಹುದು. ಪೀಣ್ಯದ ಆ ಕೇಸಿನಲ್ಲಿ ದುಡ್ಡು ಬಂದದ್ದು ಹೀಗೇ, ಕಂಪನಿಯ ಬ್ಯಾಂಕ್ ಖಾತೆಗೆ ನೋಟಿಸ್ ಹೋದ ಮೇಲೆ. ಆ ಖಾತೆ ಯಾವುದು ಅಂತ ನಮಗೆ ಗೊತ್ತಿದ್ದದ್ದು ಅಕ್ಕಿ ಚೀಲದಲ್ಲಿ ಸಿಕ್ಕ ಒಂದು ಹಳೇ ಚೆಕ್ಕಿನ ಜೆರಾಕ್ಸಿನಿಂದ.

ಅದಕ್ಕೇ ಈಗ ಹೊಸ ಕಕ್ಷಿದಾರರು ಬಂದಾಗ ತಾರೀಖಿನ ಪಟ್ಟಿಯ ಜೊತೆಗೆ ಇನ್ನೊಂದು ಹಾಳೆಯನ್ನೂ ಮೊದಲ ದಿನವೇ ತುಂಬಿಸಿಕೊಳ್ಳುತ್ತೇನೆ. ಅವರು ನಿಮಗೆ ಯಾವ ಬ್ಯಾಂಕಿನಿಂದ ದುಡ್ಡು ಹಾಕುತ್ತಿದ್ದರು? ಗೋಡೌನ್ ಸ್ವಂತದ್ದಾ, ಬಾಡಿಗೆಯದ್ದಾ? ಅವರ ದೊಡ್ಡ ಗಿರಾಕಿಗಳು ಯಾರು? ಮಷೀನು ಲೋನಿನಲ್ಲಿದೆಯಾ? ಅಕೌಂಟ್ಸ್ ನೋಡುವವರ ಮೇಲ್ ಐಡಿ ಇದೆಯಾ? ಬಾಕಿ ನಿಂತು ಮೂರು ತಿಂಗಳಾದ ನೀವು ಯಾರಾದರೂ ಇದನ್ನು ಓದುತ್ತಿದ್ದರೆ, ವಕೀಲರ ಹತ್ತಿರ ಹೋಗುವ ಮೊದಲು ಈ ಐದಕ್ಕೆ ಉತ್ತರ ಬರೆದಿಟ್ಟುಕೊಳ್ಳಿ. ಡಿಸಿಗಳನ್ನು ಮಳೆ ತಾಗದ ಕಡೆ ಇಡಿ. ಬರುವ ಮಾರ್ಚ್‌ನಲ್ಲಿ ಆ ಬ್ಯಾಲೆನ್ಸ್ ಕನ್ಫರ್ಮೇಷನ್‌ಗೆ ಸಹಿ ಹಾಕಿಸಿಕೊಳ್ಳಿ.